ಎರಡು ಕಿವಿಯ ಗಿಟಾರು, ನಮ್ಮೂರ ಭಜನೆ

ಹೋದ ಶ್ರೀರಾಮನವಮಿ ರಾತ್ರಿ ನಮ್ಮೂರ ಆಂಜನೇಯನ ಗುಡಿ ಮುಂದೆ ಭಜನೆ ನಡೆದಿತ್ತು. ರಾಯದುರ್ಗದಿಂದ ಮೊಳಕಾಲ್ಮುರಿನ ಕಡೆ ಹೊರಟರೆ ಗಡಿ ದಾಟುವ ಮೊದಲೇ ಸಿಗುವ ಊರು ನಮ್ಮದು. ಒಂದು ಪದ ತೆಲುಗಿನಲ್ಲಿ ಹೇಳಿದರೆ ಮುಂದಿನದು ಕನ್ನಡದಲ್ಲಿ. ಇದು ಯಾರೋ ಠರಾವು ಮಾಡಿ ತಂದ ಪದ್ಧತಿಯಲ್ಲ, ನಮ್ಮ ನಾಲಿಗೆ ಹೊರಳೋದೇ ಹಂಗೆ. ಹಾರ್ಮೋನಿಯಂ ನುಡಿಸುತ್ತಿದ್ದ ಹಿರಿಯರಿಗೆ ಬೆರಳು ಬಿಗಿದು ಎರಡು ವರ್ಷವಾಯಿತು. ಅವರು ಕೂಡುತ್ತಿದ್ದ ಜಾಗದಲ್ಲಿ ಈ ಸಲ ನನ್ನ ಅಕ್ಕನ ಮಗ ಗಿಟಾರು ಹಿಡಿದು ಕೂತಿದ್ದ. ಬಳ್ಳಾರಿಯಲ್ಲಿ ಓದುವಾಗ ಕಲಿತ ವಿದ್ಯೆ.

ಮೂರನೇ ಪದ ಮುಗಿಯುವ ಹೊತ್ತಿಗೆ ಕಟ್ಟೆ ಮೇಲೆ ಕೂತಿದ್ದ ತಾತ ಒಬ್ಬರು ಎದ್ದು ನಿಂತರು. "ಪಾಟ ಇನಪಡ್ತಾ ಉಂದಿ, ಮಾಟ ಇನಪಡ್ಲೇದು ರಾ" ಅಂದರು. ಹಾಡು ಕೇಳ್ತದೆ, ಮಾತು ಕೇಳ್ತಿಲ್ಲ ಅಂತ.

ಜನ ನಕ್ಕರು. ನನಗೆ ನಗು ಬರಲಿಲ್ಲ. ನಾನೂ ನಾಲ್ಕು ಪದ ಕಟ್ಟಿದವನು, ಎರಡೂ ಭಾಷೆಯಲ್ಲಿ. ಪದ ಕಟ್ಟುವವನಿಗೆ ಇದಕ್ಕಿಂತ ದೊಡ್ಡ ದೂರು ಇನ್ನೊಂದಿಲ್ಲ. ತತ್ವಪದದಲ್ಲಿ ಮಾತೇ ಕೇಳದಿದ್ದರೆ ಉಳಿಯೋದು ಬರೀ ಸದ್ದು. ಹುಡುಗನ ಕಡೆ ನೋಡಿದೆ. ಅವನು ಕಾಲ ಬಳಿ ಇಟ್ಟುಕೊಂಡಿದ್ದ ಎಫೆಕ್ಟ್ ಪೆಟ್ಟಿಗೆಯನ್ನು ಕಾಲಿನಿಂದಲೇ ಆರಿಸಿದ. ಗಿಟಾರಿನ ಮೇಲಿನ ಒಂದು ಗುಂಡಿ ಇಳಿಸಿದ, ಇನ್ನೊಂದು ತಿರುಗಿಸಿದ, ಪಿಕ್ ಕೆಳಗಿಟ್ಟು ಹೆಬ್ಬೆರಳಿನ ಮಾಂಸದಿಂದ ತಂತಿ ಮುಟ್ಟಿದ. ಅದೇ ಗಿಟಾರು, ಅದೇ ಮೈಕ್‌ಸೆಟ್ಟು. ಆದರೆ ನಾಲ್ಕನೇ ಪದದ ಒಂದೊಂದು ಅಕ್ಷರವೂ ಕಟ್ಟೆ ಮುಟ್ಟಿತು. ತಾತ ಕೂತರು.

ಈಗ ಮಂಡಳಿಯಲ್ಲಿ ನಡೆದಿರುವ ವಾದ ಬೇರೆ. "ಈ ತಾಪತ್ರಯವೇ ಬೇಡ, ಪೆನ್‌ಡ್ರೈವ್‌ನಲ್ಲಿ ಟ್ರ್ಯಾಕ್ ಹಾಕಿಬಿಡೋಣ, ಇಲ್ಲಾಂದ್ರೆ ಕೂಡಿಟ್ಟ ದುಡ್ಡಿನಲ್ಲಿ ತಾಳ ತಾನೇ ಬಾರಿಸೋ ಕೀಬೋರ್ಡ್ ತರೋಣ" ಅನ್ನುವವರೇ ಹೆಚ್ಚು. ನನ್ನ ಮತ ಅದಕ್ಕೆ ವಿರುದ್ಧ. ಯಾಕೆ ಅಂತ ಹೇಳುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಆ ಗಿಟಾರು ಎಂಥದ್ದು ಅಂತ ತಿಳಿದಿರಲಿ. ನೋಡಲು ಸಾಮಾನ್ಯ ಮರದ ಗಿಟಾರು, ಉಕ್ಕಿನ ತಂತಿ, ಹೊಟ್ಟೆ ಪೊಳ್ಳು. ಆದರೆ ಅದಕ್ಕೆ ಎರಡು ಕಿವಿ ಇವೆ. ಒಂದು ಕಿವಿ ಕುದುರೆಯ ಕೆಳಗೆ ಅಡಗಿ ಕೂತಿದೆ. ಅದಕ್ಕೆ ಪೀಜೋ ಅನ್ನುತ್ತಾರೆ. ಅಡುಗೆಮನೆಯಲ್ಲಿ ಗ್ಯಾಸ್ ಹಚ್ಚುವ ಲೈಟರ್ ಒತ್ತಿದರೆ ಟಕ್ ಅಂತ ಕಿಡಿ ಹಾರುತ್ತದಲ್ಲ, ಅದರೊಳಗೂ ಇಂಥದೇ ಹರಳು. ಒತ್ತಿದರೆ ಕರೆಂಟು ಹುಟ್ಟುವ ಜಾತಿ. ತಂತಿ ನಡುಗಿದಾಗ ಕುದುರೆ ಅದುಮುವ ಒತ್ತಡವನ್ನೇ ಅದು ದನಿಯಾಗಿ ಕಳಿಸುತ್ತದೆ. ಬಹಳ ಸಣ್ಣ ಕರೆಂಟು, ಹಾಗಾಗಿ ಗಿಟಾರಿನ ಪಕ್ಕೆಯಲ್ಲೇ 9 ವೋಲ್ಟ್ ಬ್ಯಾಟರಿಯ ಪುಟ್ಟ ಆಂಪ್ಲಿಫೈಯರ್ ಇರುತ್ತದೆ.

ಎರಡನೇ ಕಿವಿ ಗಿಟಾರಿನ ಬಾಯಿಗೆ ಅಡ್ಡಲಾಗಿ ಸಿಕ್ಕಿಸಿದ ಮ್ಯಾಗ್ನೆಟಿಕ್ ಪಿಕಪ್. ಅಯಸ್ಕಾಂತಕ್ಕೆ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಪಂಪ್‌ಸೆಟ್ ಮೋಟರು ಸುಟ್ಟಾಗ ವೈಂಡಿಂಗ್ ಅಂಗಡಿಯಲ್ಲಿ ಕಾದು ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಕ್ಕಿನ ತಂತಿ ಅದರ ಮೇಲೆ ಅಲುಗಿದರೆ ಸುರುಳಿಯಲ್ಲಿ ಕರೆಂಟು ಹುಟ್ಟುತ್ತದೆ. ಈ ಕಿವಿಗೆ ಉಕ್ಕು ಮಾತ್ರ ಕೇಳುತ್ತದೆ, ನೈಲಾನ್ ತಂತಿ ಕಟ್ಟಿದರೆ ಕಿವುಡು.

ಪೀಜೋ ಕೇಳಿಸಿಕೊಳ್ಳೋದು ಕಟು, ಚುರುಕು, ಉಗುರಿನ ಸದ್ದು ಸಮೇತ. ಮ್ಯಾಗ್ನೆಟಿಕ್ ಕೇಳಿಸಿಕೊಳ್ಳೋದು ದುಂಡಗೆ, ಮೆತ್ತಗೆ, ಉದ್ದಕ್ಕೆ. ಎರಡನ್ನೂ ಬೇರೆ ಬೇರೆ ಗುಂಡಿಯಿಂದ ಏರಿಸಿ ಇಳಿಸಿ ಬೆರಕೆ ಮಾಡಬಹುದು. ಇದಕ್ಕೇ ಹೈಬ್ರಿಡ್ ಗಿಟಾರು ಅನ್ನುವುದು. ಹೈಬ್ರಿಡ್ ಜೋಳ, ಹೈಬ್ರಿಡ್ ಹತ್ತಿ ಕಂಡ ನಮಗೆ ಆ ಮಾತಿನ ಮೇಲೆ ಸ್ವಲ್ಪ ಅನುಮಾನ ಇದ್ದೇ ಇದೆ. ಆದರೆ ಇಲ್ಲಿ ತಳಿ ಕೆಟ್ಟಿಲ್ಲ.

ಇದು ನಿನ್ನೆ ಮೊನ್ನೆಯ ವಿಚಾರವೂ ಅಲ್ಲ. ಅಮೆರಿಕದ ಗಿಬ್ಸನ್ ಕಂಪನಿ 1954ರಲ್ಲೇ ಜೆ-160ಇ ಅನ್ನುವ ಮರದ ಗಿಟಾರಿಗೆ ಮ್ಯಾಗ್ನೆಟಿಕ್ ಕಿವಿ ಇಟ್ಟು ಮಾರಿತು. ಎರಡೂ ಬಗೆಯ ಕಿವಿಯನ್ನು ಒಂದೇ ಗಿಟಾರಿನಲ್ಲಿ ಕೂಡಿಸಿದ ಪಾರ್ಕರ್ ಫ್ಲೈ 1993ರಲ್ಲಿ ಬಂತು. 2005ರಲ್ಲಿ ಟೇಲರ್ ಕಂಪನಿಯ ಟಿ-5, 2019ರಲ್ಲಿ ಫೆಂಡರಿನ ಅಕೌಸ್ಟಾಸಾನಿಕ್ ಬಂದವು. ಅವುಗಳ ಬೆಲೆ ಕೇಳಿದರೆ ನಮ್ಮಂಥವರು ಎದೆ ಹಿಡಿದುಕೊಳ್ಳಬೇಕು. ನಮ್ಮ ಹುಡುಗ ಅದರ ಗೋಜಿಗೆ ಹೋಗಿಲ್ಲ. ಪೀಜೋ ಇದ್ದ ಹಳೇ ಗಿಟಾರು ಕೊಂಡ, ಬಾಯಿಗೆ ಸಿಕ್ಕಿಸುವ ಪಿಕಪ್ ಬೇರೆ ತಂದ, ತಾನೇ ಹಾಕಿಕೊಂಡ. ಎರಡೂ ಸೇರಿ ಒಂದು ಒಳ್ಳೇ ಹಸುವಿನ ಬೆಲೆಯೂ ಆಗಿಲ್ಲ.

"ಗಿಟಾರು ನಮ್ಮದಲ್ಲ, ಭಜನೆಗೆ ಶೋಭೆಯಲ್ಲ" ಅನ್ನುವ ಹಿರಿಯರಿಗೆ ಒಂದು ಮಾತು. ಹಾರ್ಮೋನಿಯಂ ಯಾವ ದೇಶದ್ದು? ಫ್ರಾನ್ಸಿನದು. ಆಕಾಶವಾಣಿಯವರೇ ಅದನ್ನು 1940ರಿಂದ 1971ರವರೆಗೆ ಹೊರಗಿಟ್ಟಿದ್ದರು. ಅಷ್ಟು ಕಾಲವೂ ನಮ್ಮ ಗುಡಿಗಳಲ್ಲಿ ಅದು ದೇವರ ಪಕ್ಕದಲ್ಲೇ ಕೂತಿತ್ತು. ಪಿಟೀಲನ್ನು ಕರ್ನಾಟಕ ಸಂಗೀತಕ್ಕೆ ಕರೆತಂದವರು ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು. ಅದಾದ ಮೇಲೆ ಪಿಟೀಲಿಲ್ಲದ ಕಛೇರಿಯೇ ಅಪರೂಪವಾಯಿತು.

ಮೈಸೂರಿನ ಟಿ. ಚೌಡಯ್ಯನವರ ಸಂಗತಿ ಇನ್ನೂ ಹತ್ತಿರದ್ದು. ಮೈಕಿಲ್ಲದ ಕಾಲದಲ್ಲಿ ದೊಡ್ಡ ಸಭೆಯ ಹಿಂದಿನ ಸಾಲಿಗೂ ಕೇಳಿಸಬೇಕು ಅಂತ ಅವರು ನಾಲ್ಕು ತಂತಿಯ ಪಿಟೀಲನ್ನು ಏಳು ತಂತಿಯದಾಗಿ ಮಾಡಿಕೊಂಡರು. ವಾದ್ಯ ಪವಿತ್ರ, ಮುಟ್ಟಬಾರದು ಅಂತ ಕೈ ಕಟ್ಟಿ ಕೂರಲಿಲ್ಲ. ಗೋದಾವರಿ ಕಡೆಯ ಪಾಲಕೊಲ್ಲಿನಲ್ಲಿ 1969ರಲ್ಲಿ ಹುಟ್ಟಿದ ಯು. ಶ್ರೀನಿವಾಸ್ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದು ಕರ್ನಾಟಕ ಸಂಗೀತ ನುಡಿಸಿದರು. ಮ್ಯಾಂಡೊಲಿನ್‌ಗೆ ಜೋಡಿ ಜೋಡಿಯಾಗಿ ಎಂಟು ತಂತಿ. ಜೋಡಿ ತಂತಿ ಎಳೆದರೆ ಗಮಕ ಸರಿಯಾಗಿ ಕೂಡುವುದಿಲ್ಲ. ಅದಕ್ಕೆ ಒಂಟಿ ತಂತಿ ಐದು ಇಟ್ಟುಕೊಂಡರು. 2014ರಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡರು, ಆದರೆ ಆ ವಾದ್ಯಕ್ಕೆ ಪರದೇಶಿ ಅನ್ನುವ ಹೆಸರು ಉಳಿಯದಂತೆ ಮಾಡಿ ಹೋದರು. ರಘು ದೀಕ್ಷಿತ್ ಗಿಟಾರು ಹಿಡಿದು ಶಿಶುನಾಳ ಷರೀಫರ ಪದ ಹಾಡಿದ ಆಲ್ಬಂ ಬಂದದ್ದು 2008ರಲ್ಲಿ. ಷರೀಫರೇನೂ ಮೈಲಿಗೆಯಾಗಲಿಲ್ಲ.

ಇಷ್ಟಾಗಿ, ವಾದ್ಯ ತಂದ ಮಾತ್ರಕ್ಕೆ ಆಗುವುದಿಲ್ಲ. ರಾಮನವಮಿ ರಾತ್ರಿ ಮೊದಲ ಮೂರು ಪದ ಕೆಟ್ಟದ್ದು ಯಾಕೆ? ಎರಡೂ ಕಿವಿ ಪೂರ್ತಿ ತೆರೆದು, ಎಲ್ಲವನ್ನೂ ಆ ಪೆಟ್ಟಿಗೆಯ ಎಕೋದೊಳಗೆ ತುರುಕಿ ಬಿಟ್ಟಿದ್ದ. ಪೆಟ್ಟಿಗೆಯಲ್ಲಿ ನೂರೆಂಟು ದನಿ ಇವೆಯಂತೆ. ಇರಲಿ. ನೂರೆಂಟು ಜಪಮಣಿಗೆ ಸರಿ, ಭಜನೆಗೆ ನಾಲ್ಕು ದನಿ ಸಾಕು. ಆ ನಾಲ್ಕೂ ಪೆಟ್ಟಿಗೆಯಿಲ್ಲದೆ ಬರುತ್ತವೆ. ಆಮೇಲೆ ಒಂದು ತಿಂಗಳು ರಾತ್ರಿ ಊಟವಾದ ಮೇಲೆ ಅವನನ್ನು ನಮ್ಮ ಪಡಸಾಲೆಯಲ್ಲಿ ಕೂಡಿಸಿಕೊಂಡು, ಅವನು ನುಡಿಸೋದು ನಾನು ಹಾಡೋದು, ಹೀಗೆ ಕಂಡುಕೊಂಡದ್ದನ್ನು ಹೇಳುತ್ತೇನೆ.

ಮೊದಲನೆಯದು ಶ್ರುತಿ. ನಾನು ಹಾಡೋದು ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಎರಡಕ್ಕೆ. ಗಿಟಾರಿನ ಅತಿ ದಪ್ಪ ತಂತಿಯನ್ನು ಒಂದು ಪೂರ್ತಿ ಸ್ವರ ಇಳಿಸಿಕೊಂಡರೆ ದಪ್ಪನೆಯ ಮೂರು ತಂತಿ ಸ, ಪ, ಸ ಆಗುತ್ತವೆ. ಪೀಜೋ ಮುಕ್ಕಾಲು, ಮ್ಯಾಗ್ನೆಟಿಕ್ ಕಾಲು ಇಟ್ಟು, ಬಾಯಿಗಿಂತ ಮೇಲೆ ಮೆಟ್ಟುಗಳ ಹತ್ತಿರ ಹೆಬ್ಬೆರಳಿನ ಮಾಂಸದಿಂದ ನಿಧಾನ ಮೀಟಿದರೆ ತಂಬೂರಿಯ ನೆನಪು ಬರುತ್ತದೆ. ತಂಬೂರಿಯೇ ಅಲ್ಲ, ಸುಳ್ಳು ಹೇಳಬಾರದು. ತಂಬೂರಿಯ ಜೀವಾಳದ ದಾರ ಇದಕ್ಕಿಲ್ಲ. ಆದರೆ ಕೊರಳಿಗೆ ಆಸರೆ ಸಿಗುತ್ತದೆ. ಹೆಣ್ಣುಮಕ್ಕಳು ಬಿಳಿ ಐದಕ್ಕೆ ಹಾಡುವಾಗ ಐದನೇ ಮೆಟ್ಟಿಗೆ ಕೇಪೋ ಅನ್ನುವ ಚಿಮ್ಮಟ ಹಾಕಿದರೆ ಮುಗಿಯಿತು, ಮತ್ತೆ ಬಿರಡೆ ತಿರುವಬೇಕಿಲ್ಲ.

ಎರಡನೆಯದು ಕೊರಳನ್ನು ಹಿಂಬಾಲಿಸುವ ದನಿ. ಇದಕ್ಕೆ ಮ್ಯಾಗ್ನೆಟಿಕ್ ಕಿವಿಯೇ ಸರಿ. ಪೀಜೋ ಪೂರ್ತಿ ಇಳಿಸಿ, ಒಂಟಿ ತಂತಿಯನ್ನು ಮೆಟ್ಟಿನ ಮೇಲೆ ಅಡ್ಡಕ್ಕೆ ಎಳೆದು ಗಮಕ ತೆಗೆಯಬೇಕು. ದಪ್ಪ ತಂತಿ ಎಳೆದರೆ ಬೆರಳು ಕುಯ್ಯುತ್ತದೆ. ಮರದ ಗಿಟಾರಿಗೆ ಹನ್ನೆರಡರ ಸೆಟ್ಟು ಹಾಕುವುದು ರೂಢಿ, ಹುಡುಗ ಹತ್ತರ ಸೆಟ್ಟು ಹಾಕಿದ. ಇಲ್ಲಿ ಒಂದು ಸೂಕ್ಷ್ಮ ಇದೆ. ಮರದ ಗಿಟಾರಿನ ದಪ್ಪ ತಂತಿಗೆ ಹೊರಗೆ ಸುತ್ತಿರೋದು ಕಂಚು. ಅಯಸ್ಕಾಂತಕ್ಕೆ ಕಂಚು ಕೇಳದು, ಒಳಗಿನ ಉಕ್ಕಿನ ಎಳೆ ಮಾತ್ರ ಕೇಳುತ್ತದೆ. ಸುತ್ತಿಲ್ಲದ ಸಣ್ಣ ತಂತಿ ಎರಡು ಮಾತ್ರ ಕೂಗಾಡುತ್ತವೆ. ಅದಕ್ಕೆ ನಿಕ್ಕಲ್ ಸುತ್ತಿದ ತಂತಿ ಹಾಕಿಸಿದೆವು. ಕರೆಂಟಿಲ್ಲದೆ ನುಡಿಸಿದಾಗ ಹಳೆಯ ಮಿನುಗು ಸ್ವಲ್ಪ ಹೋಯಿತು, ಹೌದು. ಎರಡು ಕಿವಿ ಬೇಕೆಂದರೆ ಒಂದು ಕಡೆ ಸ್ವಲ್ಪ ಬಿಟ್ಟುಕೊಡಲೇಬೇಕು.

ಮೂರನೆಯದು ಏಕತಾರಿಯ ಚುಟುಕು ಸದ್ದು. ಅಂಗೈಯನ್ನು ಕುದುರೆಯ ಮೇಲೆ ಹಗುರ ಒತ್ತಿ, ಕುದುರೆಯ ಹತ್ತಿರವೇ ಪಿಕ್‌ನಿಂದ ಹೊಡೆದರೆ ಪೀಜೋ ಅದನ್ನು ಚೆನ್ನಾಗಿ ಹಿಡಿಯುತ್ತದೆ. ನಾಲ್ಕನೆಯದು ತಾಳ: ತಂತಿ ಮುಚ್ಚಿ ಹೊಡೆದರೆ ಛಕ್, ಮರದ ಮೇಲೆ ತಟ್ಟಿದರೆ ಡಬ್. ದಮ್ಮಡಿ ಬಾರಿಸುವವರು ಬರದ ದಿನ ಇದು ಸಾಕು. ಅವರು ಬಂದ ದಿನ ಇದು ಬೇಡ.

ಈ ನಾಲ್ಕಕ್ಕಿಂತ ಮುಖ್ಯವಾದದ್ದು ದಾರಿ ಬಿಡುವ ಕಲೆ. ಕನ್ನಡವಾಗಲಿ ತೆಲುಗಾಗಲಿ, ಒತ್ತಕ್ಷರದಲ್ಲೇ ಮಾತಿನ ಜೀವ. ಅಕ್ಕ ಮತ್ತು ಅಪ್ಪ, ಚುಕ್ಕ ಮತ್ತು ಚುಟ್ಟ, ಇವುಗಳ ವ್ಯತ್ಯಾಸ ಇರೋದು ನಡುವಿನ ಆ ಒಂದು ಒತ್ತಿನಲ್ಲಿ. ಸೌಂಡಿನವರ ಲೆಕ್ಕದಲ್ಲಿ ವ್ಯಂಜನಗಳು ಸ್ಪಷ್ಟ ಕೇಳಲು ಬೇಕಾದ ಜಾಗ ಸುಮಾರು ಎರಡು ಸಾವಿರದಿಂದ ನಾಲ್ಕು ಸಾವಿರ ಹರ್ಟ್ಜ್. ಪೀಜೋದ ಕಟುತನ, ಬಾತುಕೋಳಿ ಕೂಗಿದಂಥ ಆ ಸದ್ದು, ಇದೇ ಸುತ್ತಿನಲ್ಲಿ ಬಂದು ಕೂರುತ್ತದೆ. ಹಾಡುವವನ ಒತ್ತಕ್ಷರ ಅದರ ಕೆಳಗೆ ಸಿಕ್ಕಿ ನುಜ್ಜಾಗುತ್ತದೆ. ಗಿಟಾರಿನ ಪಕ್ಕೆಯಲ್ಲಿರುವ ಮಿಡ್ ಎಂಬ ಗುಂಡಿಯನ್ನು ಹಾಡುವಾಗ ಇಳಿಸಬೇಕು, ಪದದ ನಡುವೆ ಹಾಡುಗಾರ ಉಸಿರು ತಗೊಂಡಾಗ ಗಿಟಾರು ಮುಂದೆ ಬರಬೇಕು. ಆ ರಾತ್ರಿ ನಮ್ಮ ಹುಡುಗ ಮಾಡಿದ್ದು ಇದೇ. ತಾತನಿಗೆ ಹರ್ಟ್ಜ್ ಗೊತ್ತಿಲ್ಲ, ಆದರೆ ಕಾಯಿಲೆ ಗುರುತಿಸಿದವರು ಅವರೇ.

ಎರಡು ಕಿವಿ ಕೂಡಿಸಿದಾಗ ಒಮ್ಮೊಮ್ಮೆ ದನಿ ಹೆಚ್ಚುವ ಬದಲು ಬಡಕಲಾಗುತ್ತದೆ, ಮಂದ್ರವೇ ಮಾಯ. ಒಂದು ಕಿವಿ ಎಳೆಯುವಾಗ ಇನ್ನೊಂದು ತಳ್ಳುತ್ತಿರುತ್ತದೆ, ಎರಡೂ ಒಂದನ್ನೊಂದು ತಿನ್ನುತ್ತವೆ. ಗಿಟಾರಿನಲ್ಲೇ ಫೇಸ್ ಅನ್ನುವ ಸ್ವಿಚ್ಚು ಇದ್ದರೆ ಒತ್ತಿ ನೋಡಬೇಕು. ಬೋರಿನ ಮೋಟರು ಉಲ್ಟಾ ತಿರುಗಿದರೆ ಎರಡು ವೈರು ಅದಲುಬದಲು ಮಾಡುತ್ತೇವಲ್ಲ, ಆ ಫೇಸೇ ಬೇರೆ ಈ ಫೇಸೇ ಬೇರೆ, ಆದರೂ ಅದಲುಬದಲಿನ ಉಪಾಯ ಒಂದೇ.

ಇನ್ನು ಮೈಕ್‌ಸೆಟ್ಟಿನವರ ವಿಚಾರ. ಪೀಜೋ ದನಿಯನ್ನು ಎಲೆಕ್ಟ್ರಿಕ್ ಗಿಟಾರಿನ ಆಂಪ್ಲಿಫೈಯರ್‌ಗೆ ಕೊಡಬಾರದು. ಅದರ ಸ್ಪೀಕರು ಮೇಲಿನ ನಯವನ್ನೆಲ್ಲ ಕತ್ತರಿಸುತ್ತದೆ. ಡಿ.ಐ. ಬಾಕ್ಸ್ ಎಂಬ ಸಣ್ಣ ಪೆಟ್ಟಿಗೆ ಮೂಲಕ ನೇರ ಮಿಕ್ಸರಿಗೆ ಕೊಡಬೇಕು. ಮ್ಯಾಗ್ನೆಟಿಕ್ ದನಿ ಬೇಕಾದರೆ ಆಂಪ್ಲಿಫೈಯರ್‌ಗೆ ಹೋಗಲಿ. ಸ್ಪೀಕರ್ ಪೆಟ್ಟಿಗೆ ಮುಂದೆ ಗಿಟಾರು ಹಿಡಿದು ಕೂರಿಸಿದರೆ ಪೊಳ್ಳು ಹೊಟ್ಟೆ ಊಂ ಅಂತ ಕೂಗುತ್ತದೆ. ಬೀಟಲ್ಸ್‌ನವರು 1964ರಲ್ಲಿ ಅಂಥದೇ ಕೂಗನ್ನು ಬೇಕೆಂದೇ ಒಂದು ಹಾಡಿನ ಮೊದಲಿಗೆ ಇಟ್ಟರು, ಗಿಟಾರು ನಾನು ಮೇಲೆ ಹೇಳಿದ ಆ ಗಿಬ್ಸನ್ನೇ. ಅವರಿಗೆ ಅದು ಸೊಗಸಾಯಿತು, ಆಂಜನೇಯನ ಗುಡಿ ಮುಂದೆ ಆಗದು. ಪೆಟ್ಟಿಗೆಯನ್ನು ಹಾಡುವವರಿಗಿಂತ ಮುಂದಕ್ಕೆ, ಜನದ ಕಡೆ ತಿರುಗಿಸಿ ಇಡಬೇಕು. ಗಿಟಾರಿನ ಬಾಯಿಗೆ ರಬ್ಬರಿನ ಮುಚ್ಚಳವೂ ಸಿಗುತ್ತದೆ.

ಒಂದು ಮಾತು ಮಾತ್ರ ನಗುತ್ತ ಹೇಳಲಾರೆ. ಮೂರು ವರ್ಷದ ಹಿಂದೆ ಪಕ್ಕದೂರಿನ ಮದುವೆಯಲ್ಲಿ ಇದೇ ಹುಡುಗ ಗಿಟಾರು ಹಿಡಿದು ಹಾಡಲು ಮೈಕಿಗೆ ಬಾಯಿ ಇಟ್ಟ. ತುಟಿಗೆ ಹೊಡೆದ ಶಾಕಿಗೆ ಹಿಂದಕ್ಕೆ ಬಿದ್ದ. ಯಾವೂರು, ಯಾರ ಸೆಟ್ಟು ಅನ್ನೋದು ಈಗ ಬೇಡ. ಗಿಟಾರಿನ ತಂತಿ ಅರ್ಥಿಂಗಿಗೆ ಸೇರಿರುತ್ತದೆ. ಮೈಕ್‌ಸೆಟ್ಟಿನ ಅರ್ಥಿಂಗ್ ಕಿತ್ತುಹೋಗಿದ್ದರೆ ಕೈಯಲ್ಲಿ ತಂತಿ, ತುಟಿಗೆ ಮೈಕು, ನಡುವೆ ಮನುಷ್ಯ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿ ಊರಿನ ವೇದಿಕೆಯಲ್ಲಿ ಲೆಸ್ ಹಾರ್ವೆ ಎಂಬ ಗಿಟಾರುಗಾರ ಅರ್ಥಿಂಗ್ ಇಲ್ಲದ ಮೈಕು ಮುಟ್ಟಿ ಅಲ್ಲೇ ಪ್ರಾಣ ಬಿಟ್ಟ. ಹೊಲದಲ್ಲಿ ಗುಂಡಿ ತೋಡಿ ಇದ್ದಿಲು, ಉಪ್ಪು ಹಾಕಿ, ಬೇಸಿಗೆಯಲ್ಲಿ ನೀರು ಸುರಿದು ಮೋಟರಿಗೆ ಅರ್ಥಿಂಗ್ ಕೊಡುತ್ತೇವೆ. ಹಾಡುವ ಮಕ್ಕಳಿಗೆ ಅಷ್ಟಾದರೂ ಬೇಡವೇ? ಎಲ್ಲ ವೈರೂ ಒಂದೇ ಬೋರ್ಡಿನಿಂದ ಬರಲಿ, ಬೋರ್ಡಿಗೆ ಇ.ಎಲ್.ಸಿ.ಬಿ. ಇರಲಿ. ಇದಿಲ್ಲದ ಸೆಟ್ಟು ಎಷ್ಟು ಅಗ್ಗಕ್ಕೆ ಬಂದರೂ ನಮ್ಮ ಮಂಡಳಿ ಕರೆಯಬಾರದು.

ಬ್ಯಾಟರಿ ವಿಚಾರ ಬಹಳ ಸಣ್ಣದು, ಆದರೆ ಭಜನೆ ಕೆಡೋದು ಸಣ್ಣದರಿಂದಲೇ. ಬಹುಪಾಲು ಗಿಟಾರಿಗೆ ಜಾಕು ಚುಚ್ಚಿದ ಕೂಡಲೇ ಒಳಗಿನ ಬ್ಯಾಟರಿ ಚಾಲೂ ಆಗುತ್ತದೆ. ನುಡಿಸಿದ ಮೇಲೆ ಜಾಕು ಕೀಳದೆ ಮೂಲೆಗಿಟ್ಟರೆ ಬ್ಯಾಟರಿ ಸುಮ್ಮನೆ ಸೊರಗುತ್ತಾ ಹೋಗುತ್ತದೆ. ಒಂದು ಹೊಸ ಬ್ಯಾಟರಿ ಕಿಸೆಯಲ್ಲಿರಲಿ.

ಈಗ ಪೆನ್‌ಡ್ರೈವಿನ ಮಾತಿಗೆ ಬರುತ್ತೇನೆ. ಟ್ರ್ಯಾಕ್ ತಪ್ಪು ಮಾಡುವುದಿಲ್ಲ ಅನ್ನುತ್ತಾರೆ. ತಪ್ಪು ಮಾಡದೇ ಇರೋದೇ ಅದರ ಕೊರತೆ. ನಮ್ಮಲ್ಲಿ ಪದ ಹೇಳುವವನು ಅರ್ಥ ಬಿಡಿಸಲು ನಡುವೆ ನಿಲ್ಲುತ್ತಾನೆ. ಕೈವಾರದ ತಾತಯ್ಯನವರ ತೆಲುಗು ಪದ ಹೇಳಿ, ಅದರ ಭಾವ ಕನ್ನಡದಲ್ಲಿ ಎರಡು ಮಾತು ಹೇಳಿ, ಮತ್ತೆ ಪಲ್ಲವಿಗೆ ಬರುತ್ತಾನೆ. ತಾತಯ್ಯನವರೂ ಎರಡು ಭಾಷೆಯಲ್ಲಿ ಪದ ಹೇಳಿದವರೇ ಅಲ್ಲವೇ. ಟ್ರ್ಯಾಕು ಕಾಯುತ್ತದೆಯೇ? ತಾತ ಎದ್ದು "ಮಾಟ ಇನಪಡ್ಲೇದು" ಅಂದರೆ ತಿದ್ದಿಕೊಳ್ಳುತ್ತದೆಯೇ? ವಯಸ್ಸಾದವರು ಶ್ರುತಿ ಅರ್ಧ ಮನೆ ಇಳಿಸು ಅಂದರೆ ಇಳಿಸಲು ಅಲ್ಲಿ ಯಾರಿರುತ್ತಾರೆ? ಕೀಬೋರ್ಡಿಗೆ ನನ್ನ ವಿರೋಧ ಅಷ್ಟಿಲ್ಲ, ನುಡಿಸಲು ಬಲ್ಲವರಿದ್ದರೆ ಅದೂ ಒಳ್ಳೇ ವಾದ್ಯವೇ. ಆದರೆ ನಮ್ಮೂರಲ್ಲಿ ಬಲ್ಲವರಿಲ್ಲ, ಗಿಟಾರು ಬಲ್ಲವನಿದ್ದಾನೆ. ಅವನ ಹಿಂದೆ ಮೂವರು ಹುಡುಗರು ಕಲಿಯಲು ನಿಂತಿದ್ದಾರೆ, ಇಬ್ಬರು ಗಡಿ ಆಚೆಯ ಊರಿನವರು. ಇವರ ಮುಂದೆ ಪೆನ್‌ಡ್ರೈವ್ ಹಾಕಿದರೆ ಆ ಮೂವರೂ ಮನೆಗೆ ಹೋಗುತ್ತಾರೆ. ಹಾರ್ಮೋನಿಯಂ ಹಿರಿಯರ ಹಿಂದೆ ಯಾರೂ ಕಲಿಯದೇ ಉಳಿದದ್ದು ನಮ್ಮದೇ ತಪ್ಪು. ಅದು ಎರಡನೇ ಸಲ ಆಗಬಾರದು.

ಮಂಡಳಿಯ ದುಡ್ಡಿನಲ್ಲಿ ಒಂದು ಡಿ.ಐ. ಬಾಕ್ಸ್, ಒಳ್ಳೆಯ ವೈರು ಎರಡು, ಇ.ಎಲ್.ಸಿ.ಬಿ. ಹಾಕಿದ ಒಂದು ಬೋರ್ಡು, ವರ್ಷಕ್ಕಾಗುವಷ್ಟು ತಂತಿ, ಇಷ್ಟು ತರೋಣ ಅಂತ ಕೂಟದಲ್ಲಿ ಹೇಳಿದ್ದೇನೆ. ಉಳಿದದ್ದು ದೀಪದೆಣ್ಣೆಗೆ. ಇನ್ನೂ ತೀರ್ಮಾನವಾಗಿಲ್ಲ. ಕಾರ್ತೀಕದ ಮೊದಲ ಸೋಮವಾರ ಎರಡನ್ನೂ ಕೇಳಿ ನೋಡೋದು ಅಂತಾಗಿದೆ: ಒಂದು ಪದ ಟ್ರ್ಯಾಕಿನ ಜೊತೆ, ಒಂದು ಪದ ಗಿಟಾರಿನ ಜೊತೆ, ಕಟ್ಟೆ ಮೇಲೆ ಅದೇ ತಾತ. ಹಾರ್ಮೋನಿಯಂ ಹಿರಿಯರನ್ನೂ ಕರೆಯಲು ಮೊನ್ನೆ ಅವರ ಮನೆಗೆ ಹೋಗಿದ್ದೆ. ಎಲ್ಲ ಕೇಳಿಸಿಕೊಂಡರು. ಗಿಟಾರು ಬೇಕೋ ಬೇಡವೋ ಅಂತ ಒಂದು ಮಾತೂ ಆಡಲಿಲ್ಲ. "ಶ್ರುತಿ ಯಾವ ಮನೆಗೆ ಇಡ್ತಾನಪ್ಪ?" ಅಂತ ಮಾತ್ರ ಕೇಳಿದರು.